ಮಾತಾಡದ ಅಕ್ಕೋರು

ಇದನ್ನು ಓದುವವರಲ್ಲಿ ಯಾರಾದರೂ ಈ ಜೂನ್‌ನಲ್ಲಿ ಮೊದಲ ಸಲ ಇಂಗ್ಲಿಷ್ ಕಲಿಸಲು ತಾಸಿಗೆ ಹೋಗುವವರಿದ್ದರೆ ಅವರಿಗೊಂದು ಸಮಾಧಾನದ ಮಾತು: ನೀವು ಮಾಡಲಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನು ಆಗಲೇ ಮಾಡಿ, ತಾರೀಖು ಹಾಕಿ, ಬರೆದಿಟ್ಟಿದ್ದೇನೆ.

ಪುಣೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿ ನಿವೃತ್ತಳಾದೆ. ಬಡ್ತಿ ಒಂದೇ ಸಲ ಬಂತು. ಅದರಿಂದ ಕುರ್ಚಿಗೆ ಕೈಗಳು ಬಂದವು, ಬೇರೇನೂ ಆಗಲಿಲ್ಲ. ಆದರೆ ಮೊದಲ ಹದಿನೈದು ವರ್ಷಗಳ ದಿನಚರಿಗಳು ನನ್ನ ಬಳಿ ಇವೆ. ಆಗ ನನಗೆ ಇಪ್ಪತ್ತರ ಚಿಲ್ಲರೆ ವಯಸ್ಸು, ಎಲ್ಲವನ್ನೂ ಎಣಿಸುವ ಹುಚ್ಚು. ಪ್ರತಿ ತಾಸಿಗೂ ಒಂದು ಸಾಲು: ತಾರೀಖು, ಪಾಠ, ಹಾಜರಿ, ನಾನು ಮಾತಾಡಿದ ನಿಮಿಷ, ಮಕ್ಕಳು ಮಾತಾಡಿದ ನಿಮಿಷ, ಸವೆದ ಖಡು, ಅಂದರೆ ಸೀಮೆಸುಣ್ಣ. ನಿಂತ ಗೆರೆ ನಾಲ್ಕು, ಅಡ್ಡಗೆರೆ ಐದನೆಯದು. ಈ ಗೆರೆಗಳನ್ನು ನೋಡಿದ ಸಹೋದ್ಯೋಗಿಗಳು ನಾನು ರಜೆಯ ದಿನ ಎಣಿಸುತ್ತಿದ್ದೇನೆ ಎಂದುಕೊಂಡಿದ್ದರು.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಿನಿಮಾದ ಮಾತು ಬಂದರೆ ಹಿಂದಿ ಆಡುತ್ತಿದ್ದರು. ಇಂಗ್ಲಿಷ್ ಎಂಬುದು ಅವರಿಗೆ ಪಠ್ಯಪುಸ್ತಕದೊಳಗೆ ಮಾತ್ರ ಸಿಗುವ ವಸ್ತು. ಅದನ್ನು ಅಲ್ಲಿಂದ ಹೊರಗೆ ತೆಗೆಯುವ ಕೆಲಸ ನನ್ನದು ಮತ್ತು ಹೊಸಮನಿ ಸರ್ ಅವರದು. ಹೊಸಮನಿ ಸರ್ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರ ವಿಧಾನ ಸರಳ: ಒಂದು ವಾಕ್ಯ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಮಕ್ಕಳಿಂದ ಎರಡನ್ನೂ ಹೇಳಿಸುವುದು. ಪ್ರತಿ ವರ್ಷ ಅದೇ ಸಾಲಿಗೆ ಅದೇ ಹಾಸ್ಯ. ಹಿಂದಿನ ವರ್ಷ ನಪಾಸಾದವರು ಹಾಸ್ಯ ಬರುವ ಮೊದಲೇ ನಗುತ್ತಿದ್ದರು.

ನನ್ನ ವಿಧಾನವೂ ಬೇರೆಯಿರಲಿಲ್ಲ, ಹಾಸ್ಯ ಮಾತ್ರ ಇರಲಿಲ್ಲ. ಮೊದಲ ವರ್ಷದ ದಿನಚರಿ ಹೇಳುವ ಪ್ರಕಾರ ಮೂವತ್ತೈದು ನಿಮಿಷದ ತಾಸಿನಲ್ಲಿ ನನ್ನ ಮಾತು ಮೂವತ್ತೊಂದು ನಿಮಿಷ. ಒಂದು ವಾರ ಕುತೂಹಲಕ್ಕೆ ‘ತಿಳಿಯಿತಾ?’ ಎಂದು ಎಷ್ಟು ಸಲ ಕೇಳುತ್ತೇನೆ ಎಂದು ಎಣಿಸಿದೆ. ನೂರಾ ಹನ್ನೆರಡು ಸಲ. ನೂರಾ ಹನ್ನೆರಡು ಸಲವೂ ಇಡೀ ವರ್ಗ ಒಕ್ಕೊರಲಿನಿಂದ ‘ಯಸ್ ಟೀಚರ್’ ಎಂದಿತ್ತು. ಶನಿವಾರ ಚಿಕ್ಕ ಪರೀಕ್ಷೆ ಕೊಟ್ಟೆ. ತಿಳಿದಿದ್ದು ಒಂಬತ್ತು ಜನರಿಗೆ. ಹೊಸಬರಿಗೆ ಇದೊಂದನ್ನು ಹೇಳಿಬಿಡುತ್ತೇನೆ: ‘ತಿಳಿಯಿತಾ’ ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ವಿನಯದ್ದು, ಅದರಲ್ಲಿ ಮಾಹಿತಿ ಇರುವುದಿಲ್ಲ.

ಹೆಡ್ ಸರ್ ಜಂಬಗಿಯವರಿಗೆ ಇದಾವುದರ ಚಿಂತೆ ಇರಲಿಲ್ಲ. ಅವರು ವರ್ಗದೊಳಗೆ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ನಿಂತು ಕಿವಿಗೊಡುತ್ತಿದ್ದರು. ಸದ್ದಿಲ್ಲದ ವರ್ಗ ಒಳ್ಳೆಯ ವರ್ಗ, ಸದ್ದಿರುವ ವರ್ಗ ಕೆಟ್ಟದ್ದು. ಈ ಒಂದು ಅಳತೆಯಿಂದ ಅವರು ಹನ್ನೊಂದು ಶಿಕ್ಷಕರ ಗೋಪ್ಯ ವರದಿ ಬರೆಯುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ನಮ್ಮನ್ನು ಹತ್ತು ದಿನಗಳ ತರಬೇತಿಗೆ ಕಳಿಸಿದರು. ವಿಷಯ, ವಿದ್ಯಾರ್ಥಿಕೇಂದ್ರಿತ ಬೋಧನೆ. ಬೋಧಿಸಿದ ಮೇಡಂ ಉತ್ಸಾಹದ ಹೆಂಗಸು, ಅವರ ದನಿಗೆ ಮೈಕು ಬೇಕಿರಲಿಲ್ಲ, ಆದರೂ ಹಿಡಿದಿದ್ದರು. ಶಿಕ್ಷಕ ವರ್ಗದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಮಾತು ಮಕ್ಕಳದಾಗಿರಬೇಕು ಎಂಬುದು ಅವರ ಬೋಧನೆಯ ಸಾರ. ಅದನ್ನು ಅವರು ಮೊದಲ ದಿನ ನಾಲ್ಕು ಗಂಟೆ ಹತ್ತು ನಿಮಿಷ ಹೇಳಿದರು. ಅಷ್ಟರಲ್ಲಿ ನಾವು ಮಾತಾಡಿದ್ದು ಹನ್ನೊಂದು ನಿಮಿಷ, ಅದರಲ್ಲಿ ಆರು ನಿಮಿಷ ಫ್ಯಾನು ಹಾಕುವ ಕುರಿತು.

ಮೂರನೆಯ ದಿನ ಹೊಸಮನಿ ಸರ್ ಎದ್ದು ನಿಂತು ಮರಾಠಿಯಲ್ಲಿ ವಿನಯವಾಗಿ ಕೇಳಿದರು: ನಾವು ಸುಮ್ಮನಿದ್ದರೆ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು?

“ಮುಲಾಂಚ್ಯಾ ಆತೂನ ಯೇಣಾರ!” ಎಂದರು ಮೇಡಂ. ಮಕ್ಕಳ ಒಳಗಿನಿಂದ ಬರುತ್ತದೆ.

ಹೊಸಮನಿ ಸರ್ ಕುಳಿತು ನನ್ನ ಕಿವಿಯಲ್ಲಿ, “ಬಾಯಾರ, ನಮ್ಮ ಮಕ್ಕಳ ಒಳಗ ಇಂಗ್ಲಿಷ್ ಐತಿ ಅಂತ ಇಷ್ಟು ವರ್ಷ ನಮಗ ಯಾರೂ ಹೇಳೇ ಇಲ್ಲ ನೋಡ್ರಿ” ಎಂದರು. ನಮ್ಮಲ್ಲಿ ಶಿಕ್ಷಕಿಯನ್ನು ಸಹೋದ್ಯೋಗಿಗಳು ಬಾಯಾರು ಎನ್ನುತ್ತಾರೆ, ಮಕ್ಕಳು ಅಕ್ಕೋರು.

ಅವರು ನಕ್ಕು ಮರೆತರು. ನಾನು ನಗಲಿಲ್ಲ. ನನ್ನ ದಿನಚರಿಯ ಮೂವತ್ತೊಂದು ನಿಮಿಷ ನೆನಪಾಗಿ ನಾಚಿಕೆಯಾಗಿತ್ತು. ಎಣಿಸುವವರ ದೌರ್ಬಲ್ಯವೇ ಅದು: ಒಂದು ಅಂಕಿ ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ಸಾಕು, ಅದನ್ನು ಇಳಿಸದೆ ನಿದ್ದೆ ಬರುವುದಿಲ್ಲ.

ಜೂನ್‌ನಲ್ಲಿ ಒಂಬತ್ತನೆಯ ವರ್ಗದಿಂದ ಆರಂಭಿಸಿದೆ. ನಲವತ್ತೆಂಟು ಮಕ್ಕಳು, ಆರಾರು ಜನರ ಎಂಟು ಗುಂಪು. ಒಂದು ಬಿಟ್ಟು ಒಂದು ಬೆಂಚಿನವರು ಹಿಂದಕ್ಕೆ ತಿರುಗಿ ಕೂರಬೇಕು. ತರಬೇತಿಯಲ್ಲಿ ಹೇಳಿದಂತೆ ಪ್ರತಿ ಗುಂಪಿನಲ್ಲೂ ಹುದ್ದೆಗಳು: ನಾಯಕ, ಬರಹಗಾರ, ವರದಿಗಾರ, ಸಮಯಪಾಲಕ, ಉಳಿದಿಬ್ಬರು ಪ್ರೋತ್ಸಾಹಕರು. ರಟ್ಟಿನ ಬಿಲ್ಲೆ ಕತ್ತರಿಸಿ, ಹೆಸರು ಬರೆದು, ಪಿನ್ನು ಚುಚ್ಚಿ ಕೊಟ್ಟೆ. ಯಾರಿಗೆ ಯಾವ ಹುದ್ದೆ ಎಂಬುದನ್ನು ಮಕ್ಕಳೇ ನಿರ್ಧರಿಸಬೇಕು, ಏಕೆಂದರೆ ಇದು ವಿದ್ಯಾರ್ಥಿಕೇಂದ್ರಿತ. ಅವರು ಎರಡು ನಿಮಿಷದಲ್ಲಿ ನಿರ್ಧರಿಸಿದರು. ಇಂಗ್ಲಿಷ್ ಸ್ವಲ್ಪ ಬರುವವನು ವರದಿಗಾರ, ಅಕ್ಷರ ಚೆನ್ನಾಗಿರುವವಳು ಬರಹಗಾರ್ತಿ, ಗಟ್ಟಿ ಇರುವವನು ನಾಯಕ. ಗಡಿಯಾರ ಇರುವವರು ಸಮಯಪಾಲಕರು.

ಮೂರನೆಯ ಗುಂಪಿನಲ್ಲಿ ಗಡಿಯಾರ ಇದ್ದದ್ದು ಕಸ್ತೂರಿಯ ಕೈಯಲ್ಲಿ. ಧನಕವಡಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಈರಣ್ಣನವರ ಮಗಳು. ಅಪ್ಪನ ಹಳೆಯ ಗಡಿಯಾರ, ಪಟ್ಟಿಗೆ ಮೂರು ತೂತು ಹೆಚ್ಚಿಗೆ ಕೊರೆದು ಕಟ್ಟಿಕೊಂಡಿದ್ದಳು. ಭೂಮಿತಿಯಲ್ಲಿ, ಅಂದರೆ ರೇಖಾಗಣಿತದಲ್ಲಿ, ಅವಳಷ್ಟು ನೇರ ಗೆರೆ ಎಳೆಯುವವರು ಶಾಲೆಯಲ್ಲಿರಲಿಲ್ಲ.

ಸಮಯಪಾಲಕರಿಗೆ ನಾನು ಎರಡು ವಾಕ್ಯ ಕಲಿಸಿದ್ದೆ: ‘ಟೂ ಮಿನಿಟ್ಸ್ ಲೆಫ್ಟ್’, ‘ಟೈಮ್ ಈಸ್ ಓವರ್’. ಪ್ರೋತ್ಸಾಹಕರಿಗೆ ಮೂರು: ‘ಯಸ್’, ‘ಆಯ್ ಥಿಂಕ್ ಸೋ’, ‘ವೆರಿ ಗುಡ್ ಐಡಿಯಾ’. ವಾರದೊಳಗೆ ನನ್ನ ಮಾತು ಮೂವತ್ತೊಂದರಿಂದ ಹನ್ನೆರಡು ನಿಮಿಷಕ್ಕೆ ಇಳಿಯಿತು, ಆಗಸ್ಟ್‌ನಲ್ಲಿ ಏಳಕ್ಕೆ, ದೀಪಾವಳಿ ರಜೆಯ ಹೊತ್ತಿಗೆ ನಾಲ್ಕಕ್ಕೆ. ಆ ದಿನದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ನಾನು ಬಿಲ್ಲೆ ಹಂಚುತ್ತಿದ್ದೆ, ಹಲಗೆಯ ಮೇಲೆ ವಿಷಯ ಬರೆಯುತ್ತಿದ್ದೆ, ಆಮೇಲೆ ಕಿಟಕಿಯ ಬಳಿ ನಿಂತು ಎಣಿಸುತ್ತಿದ್ದೆ. ಮಕ್ಕಳು ನನಗೆ ‘ಮಾತಾಡದ ಅಕ್ಕೋರು’ ಎಂದು ಹೆಸರಿಟ್ಟಿದ್ದರು. ಅದನ್ನು ಹೊಗಳಿಕೆ ಎಂದುಕೊಂಡೆ.

ಹೆಡ್ ಸರ್ ಅವರಿಗೂ ಮೇಲಿನಿಂದ ಸುತ್ತೋಲೆ ಬಂದಿತ್ತು. ಅವರು ಅಳತೆಯನ್ನು ತಿರುಗಿಸಿಕೊಂಡರು, ಅಷ್ಟೇ. ಈಗ ಸದ್ದಿರುವ ವರ್ಗ ಒಳ್ಳೆಯದು. ನಿಲ್ಲುವ ಜಾಗ ಅದೇ ಪಡಸಾಲೆ, ಕಿವಿಯೂ ಅದೇ. ಹೆಡ್ ಸರ್ ಒಂದು ದಿನ ಹೊಸಮನಿ ಸರ್ ಅವರ ವರ್ಗದ ಮುಂದೆ ನಿಂತು, “ಏನ್ರಿ ಇದು, ಮಸಣ ಆಗೇದಲ್ರಿ! ಕುಲಕರ್ಣಿ ಬಾಯಾರ ಕ್ಲಾಸ್ ಕೇಳ್ರಿ, ಸಂತಿ ಇದ್ದಂಗ ಅದ” ಎಂದು ಅವರಿಗೆ ಬುದ್ಧಿ ಹೇಳಿದರಂತೆ. ಕುಲಕರ್ಣಿ ಬಾಯಾರು ಎಂದರೆ ನಾನು.

ಸಂತೆಯ ಒಳಗೆ ಏನು ವ್ಯಾಪಾರವಾಗುತ್ತಿತ್ತು ಎಂಬುದು ನನಗೆ ಪೂರ್ತಿ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಡಸಾಲೆಯಲ್ಲಿ ಹೆಡ್ ಸರ್ ಚಪ್ಪಲಿ ಕಿರ್ರೆಂದಾಗ ಎಂಟೂ ಗುಂಪುಗಳಿಂದ ‘ವೆರಿ ಗುಡ್ ಐಡಿಯಾ’ ಎಂಬ ಕೂಗು ಏಳುತ್ತಿತ್ತು. ಚಪ್ಪಲಿ ದೂರವಾದ ಮೇಲೆ ಮಾತು ಮರಾಠಿಗೆ ಇಳಿದು ಕ್ರಿಕೆಟ್ಟಿನ ಕಡೆ ಹೊರಳುತ್ತಿತ್ತು. ವರದಿಗಾರ ಮಾರ್ಗದರ್ಶಿ ಪುಸ್ತಕದಿಂದ ಆರು ವಾಕ್ಯ ನಕಲಿಸಿಕೊಡುತ್ತಿದ್ದ, ಬರಹಗಾರ್ತಿ ಅದನ್ನು ಅಂದವಾಗಿ ಬರೆಯುತ್ತಿದ್ದಳು, ಅವನು ಎದ್ದು ಓದುತ್ತಿದ್ದ. ನನ್ನ ದಿನಚರಿಯಲ್ಲಿ ಅಷ್ಟೂ ‘ಮಕ್ಕಳ ಮಾತು’ ಎಂಬ ಅಂಕಣಕ್ಕೆ ಸೇರುತ್ತಿತ್ತು. ಆ ಅಂಕಣಕ್ಕೆ ಯಾವ ಭಾಷೆ ಎಂದು ಕೇಳುವ ಅಭ್ಯಾಸ ಇರಲಿಲ್ಲ. ಯಾರ ಮಾತು ಎಂದೂ ಕೇಳುತ್ತಿರಲಿಲ್ಲ.

ಆ ಮಕ್ಕಳು ಹತ್ತಕ್ಕೆ ಬಂದ ವರ್ಷ ನನ್ನ ತಾಸನ್ನು ಮಾದರಿ ಪಾಠವೆಂದು ನೋಡಲು ಬೇರೆ ಬೇರೆ ಶಾಲೆಗಳ ಶಿಕ್ಷಕರು ಬಂದರು. ಹಿಂದಿನ ಗೋಡೆಗೆ ಒತ್ತಿ ನಿಂತಿದ್ದರು. ಎಲ್ಲ ಬಿಲ್ಲೆಗಳನ್ನೂ ಹೊಸದಾಗಿ ಕತ್ತರಿಸಿದ್ದೆ. ನಾನು ಆಡಿದ್ದು ಎರಡೂವರೆ ನಿಮಿಷ, ಇಂದಿಗೂ ಅದೇ ನನ್ನ ದಾಖಲೆ. ಕೊನೆಗೆ ಒಬ್ಬ ಅಧಿಕಾರಿ ಮೂರನೆಯ ಗುಂಪಿನ ಬಳಿ ಬಗ್ಗಿ ಕಸ್ತೂರಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: ಈ ಚಟುವಟಿಕೆಯಿಂದ ನೀನು ಏನು ಕಲಿತೆ?

ಕಸ್ತೂರಿ ಎದ್ದು ನಿಂತಳು. ಗಡಿಯಾರ ನೋಡಿದಳು. “ಟೈಮ್ ಈಸ್ ಓವರ್, ಸರ್.”

ಅದೇ ಕ್ಷಣ ಗಂಟೆ ಹೊಡೆಯಿತು. ಹಿಂದಿನ ಗೋಡೆಯಿಂದ ಚಪ್ಪಾಳೆ. ಇಷ್ಟು ಶಿಸ್ತು, ಇಷ್ಟು ಧೈರ್ಯ ಎಂದು ಅಧಿಕಾರಿ ತಲೆದೂಗಿದರು. ಆ ದಿನ ನಾನು ಬರೆದದ್ದು ಇಲ್ಲಿದೆ: ‘ಕಸ್ತೂರಿ: ಆತ್ಮವಿಶ್ವಾಸ ಬೆಳೆದಿದೆ.’ ಈ ಸಾಲನ್ನು ಹೊಡೆದುಹಾಕಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಹಾಗೇ ಬಿಟ್ಟಿದ್ದೇನೆ.

ಹತ್ತನೆಯ ವರ್ಗದ ಫಲಿತಾಂಶ ಬಂತು. ನನ್ನ ತುಕಡಿಯಲ್ಲಿ ಇಂಗ್ಲಿಷಿಗೆ ಏಳು ಜನ ನಪಾಸು. ಹಿಂದಿನ ವರ್ಷ ಹನ್ನೊಂದು ಇತ್ತು. ಹೆಡ್ ಸರ್ ಶಿಕ್ಷಕರ ಕೋಣೆಗೆ ಪೇಢೆ ತರಿಸಿದರು. ಪೇಢೆ ಬಾಯಲ್ಲಿರುವಾಗಲೇ ಈರಣ್ಣನವರು ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ಬಂದು ನಿಂತರು.

ಕಸ್ತೂರಿಗೆ ಬೀಜಗಣಿತ, ಭೂಮಿತಿ ಎರಡರಲ್ಲೂ ಉತ್ತಮ ಅಂಕ. ಇಂಗ್ಲಿಷಿನಲ್ಲಿ ನೂರಕ್ಕೆ ಇಪ್ಪತ್ತಾರು.

“ಅಕ್ಕೋರ, ಆಕೀಗಿ ಆಯ್‌ಟಿಆಯ್‌ದಾಗ ಮನಿ ನಕ್ಷಾ ತಗಿಯೋದು ಕಲೀಬೇಕಂತ್ರಿ,” ಎಂದರು ಈರಣ್ಣನವರು. “ಊರಾಗ ಎಲ್ಲಾ ಕಡೆ ಬಿಲ್ಡಿಂಗ್ ಏಳಾಕತ್ತಾವು, ನಕ್ಷಾ ತಗಿಯೋವ್ರು ಬೇಕಾಗ್ತಾರ ಅಂತ ಹೇಳ್ತಾಳ. ಹತ್ತನೇದು ಪಾಸ್ ಆಗಲಾರದ ಯಾರ ತಗೋತಾರ್ರಿ?”

“ಅಕ್ಟೋಬರ್‌ನಾಗ ಮತ್ತ ಪರೀಕ್ಷಾ ಬರ್ತದ್ರಿ. ಕೂಡಿಸ್ರಿ,” ಎಂದೆ.

“ಕೂಡಸ್ತೀನಿ. ಆದ್ರ ಒಂದ ಸಲ ರೀ. ಖಾನಾವಳ್ಯಾಗ ರೊಟ್ಟಿ ಬಡಿಯೋ ಇಬ್ಬರು ಹೆಣ್ಮಕ್ಕಳದಾಗ ಒಬ್ಬಾಕಿ ಊರಿಗೆ ಹೋದ್ಲು. ಆಕೀ ಜಾಗಾದಾಗ ಈಗ ಕಸ್ತೂರಿ ಕುಂದರ್ತಾಳ. ಅಕ್ಟೋಬರ್‌ದಾಗ ಆಗಲಿಲ್ಲಂದ್ರ ಅದ ಆಕೀ ಜಾಗಾ. ನಾ ಏನ್ ಮಾಡ್ಲಿ, ಹಂಚಿನ ಮುಂದ ಯಾರರ ಕುಂದರಬೇಕಲ್ರಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಸ್ತೂರಿ ನೆಲ ನೋಡುತ್ತಿದ್ದಳು. ಅಂಗೈ ಅಂಚಿನಲ್ಲಿ ಹೊಸ ಸುಟ್ಟ ಗುರುತು. ರಟ್ಟೆಯವರೆಗೆ ಹಿಟ್ಟು ಹತ್ತುವ ಕೆಲಸವಾದ್ದರಿಂದ ಗಡಿಯಾರ ಬಿಚ್ಚಿಟ್ಟಿದ್ದಳು.

ಅವರು ಹೋದ ಮೇಲೆ ಹೆಡ್ ಸರ್, “ಒಂದಿಬ್ಬರು ಹಂಗ ಇರೋವ್ರ ಬಾಯಾರ. ಶೇಕಡಾ ನೋಡ್ರಿ, ಶೇಕಡಾ” ಎಂದರು.

ಆ ಸಂಜೆ ಎರಡು ವರ್ಷದ ದಿನಚರಿ ತೆಗೆದು ಕುಳಿತೆ. ನಾನು ಬಿಲ್ಲೆಗಳ ಲೆಕ್ಕವನ್ನೂ ಇಟ್ಟಿದ್ದೆ, ಕಳೆದುಹೋಗಬಾರದೆಂದು. ಅದನ್ನು ಫಲಿತಾಂಶದ ಪಕ್ಕ ಇಟ್ಟು ನೋಡಿದೆ. ಎಂಟು ವರದಿಗಾರರು, ಎಂಟೂ ಪಾಸು. ಎಂಟು ಬರಹಗಾರರು, ಎಂಟೂ ಪಾಸು. ನಪಾಸಾದ ಏಳರಲ್ಲಿ ಇಬ್ಬರು ಪ್ರೋತ್ಸಾಹಕರು, ಐವರು ಸಮಯಪಾಲಕರು. ಕಸ್ತೂರಿ ಎರಡು ವರ್ಷದಲ್ಲಿ ನೂರಾ ಇಪ್ಪತ್ತಾರು ಸಲ ಗುಂಪಿನಲ್ಲಿ ಕೂತಿದ್ದಳು. ನೂರಾ ಇಪ್ಪತ್ತಾರು ಸಲವೂ ಅವಳ ಎದೆಯ ಮೇಲೆ ಅದೇ ಬಿಲ್ಲೆ. ಒಮ್ಮೆಯೂ ಬದಲಾಗಲಿಲ್ಲ, ಏಕೆಂದರೆ ಗಡಿಯಾರ ಅವಳದು. ನಾನೂ ಬದಲಿಸಲಿಲ್ಲ, ಏಕೆಂದರೆ ನಿರ್ಧಾರ ಮಕ್ಕಳದು.

ಮರುದಿನ ಹೊಸಮನಿ ಸರ್ ಅವರಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ನಮ್ಮ ಕ್ಲಾಸಿನ್ಯಾಗೂ ಆರು ಮಂದಿ ಹೋಗ್ಯಾರ್ರಿ, ಬಾಯಾರ. ಆದ್ರ ಯಾಕ ಹೋದ್ರು ಅಂತ ನನಗ ಗೊತ್ತಿಲ್ಲ. ನಿಮಗ ಗೊತ್ತದ. ನೀವ ಪುಣ್ಯವಂತ್ರು.” ಚೇಷ್ಟೆಯೋ ಸಮಾಧಾನವೋ ತಿಳಿಯಲಿಲ್ಲ.

ಶಾಲೆ ಆರಂಭವಾಗುತ್ತಿದ್ದುದು ಹನ್ನೆರಡಕ್ಕೆ. ಹತ್ತೂವರೆಗೆ ಬಾ ಎಂದು ಕಸ್ತೂರಿಗೆ ಹೇಳಿಕಳಿಸಿದೆ. ಬೆಳಗಿನ ರೊಟ್ಟಿ ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ದಿನ ನಾನು ಏನು ಮಾಡಿದೆ ಗೊತ್ತೇ? ಒಂದು ಚಟುವಟಿಕೆಯ ಕಾರ್ಡು ಕೊಟ್ಟೆ. ಓದಿ, ಯೋಚಿಸಿ, ನಿನಗನ್ನಿಸಿದ್ದನ್ನು ಇಂಗ್ಲಿಷಿನಲ್ಲಿ ಹೇಳು ಎಂದು ಕಿಟಕಿಯ ಬಳಿ ಹೋಗಿ ನಿಂತೆ. ಹತ್ತು ನಿಮಿಷ ಅವಳು ಕಾರ್ಡನ್ನು ನೋಡಿದಳು.

“ಅಕ್ಕೋರ, ಒಂದ ಮಾತು ಹೇಳ್ಲಿ? ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಹೇಳವಾ.”

“ನೀವು ಮಾತಾಡ್ರಿ. ನಮ್ಮ ಕ್ಲಾಸಿನ್ಯಾಗ ಇಂಗ್ಲಿಷ್ ಬರೋವ್ರು ನೀವೊಬ್ಬರ ಇದ್ರಿ. ನೀವ ಸುಮ್ಮ ನಿಂತ್ರಿ.”

ನನ್ನ ವೃತ್ತಿಯಲ್ಲಿ ನಾನು ಕೇಳಿದ ತಪಾಸಣಾ ವರದಿಗಳಲ್ಲಿ ಇದೇ ಅತಿ ಚಿಕ್ಕದು.

ಆ ದಿನ ಮಾತಾಡಿದೆ. ಸುಮ್ಮನೆ, ನಿಧಾನವಾಗಿ, ಇಂಗ್ಲಿಷಿನಲ್ಲಿ, ನಾನು ಬೆಳಿಗ್ಗೆ ಎದ್ದು ಶಾಲೆಗೆ ಬರುವವರೆಗೆ ಏನೇನು ಮಾಡಿದೆ ಎಂದು. ಅವಳು ಕೇಳುತ್ತ ಕುಳಿತಳು. ನಡುವೆ ತಡೆದು, “ಸಿಂಕ್ ಅಂದ್ರ ಏನ್ರಿ?” ಎಂದಳು. ಮೋರಿ, ಕೈ ಪಾತ್ರೆ ತೊಳೆಯುವ ಜಾಗ ಎಂದೆ. “ನಮ್ಮದು ಹೊರಗದ,” ಎಂದಳು. ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳಿಗೆ ಅದರಲ್ಲಿ ಉತ್ತರ ಹೇಳಲು ಬರಲಿಲ್ಲ. ವಹಿಯ ಹಿಂದಿನ ಹಾಳೆಯಲ್ಲಿ ಖಾನಾವಳಿಯ ನಕ್ಷೆಯನ್ನೇ ಬರೆದುಬಿಟ್ಟಳು. ಗೋಡೆ, ಬಾಗಿಲು, ಎರಡು ಸಾಲು ಮೇಜು, ಹಂಚು, ಹಿಟ್ಟಿನ ಡಬ್ಬಿ, ಕೈ ತೊಳೆಯುವ ನಲ್ಲಿ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದೂ ಕಮಾನು ಎಳೆದು ತೋರಿಸಿದಳು.

ಅದೇ ನಮ್ಮ ಪುಸ್ತಕವಾಯಿತು. ಬಾಗಿಲು ಒಳಕ್ಕೆ ತೆರೆಯುತ್ತದೆ. ನಲ್ಲಿ ಬಾಗಿಲಿನ ಎಡಕ್ಕಿದೆ. ಹಂಚು ಕಿಟಕಿಯ ಹತ್ತಿರವಿದ್ದರೆ ಹೊಗೆ ಹೊರಗೆ ಹೋಗುತ್ತದೆ. ನಾನು ಹೇಳುತ್ತಿದ್ದೆ, ಅವಳು ಹೇಳುತ್ತಿದ್ದಳು, ಬರೆಯುತ್ತಿದ್ದಳು. ಮೂರನೆಯ ವಾರದಿಂದ ತಿದ್ದುಪಡಿ ಆರಂಭಿಸಿದಳು: ಹಂಚು ಇಲ್ಲಿರಬೇಕಿತ್ತು, ನಲ್ಲಿ ಅಲ್ಲಿರಬೇಕಿತ್ತು. ಇದ್ದುದನ್ನು ಹೇಳುವ ಇಂಗ್ಲಿಷ್ ಒಂದು, ಇರಬೇಕಾದುದನ್ನು ಹೇಳುವ ಇಂಗ್ಲಿಷ್ ಇನ್ನೊಂದು. ಎರಡನೆಯದನ್ನು ನಾನು ಕಲಿಸಲು ಯೋಚಿಸಿರಲಿಲ್ಲ, ಅವಳೇ ಕೇಳಿ ತೆಗೆದುಕೊಂಡಳು. ಆಗಸ್ಟ್ ಕೊನೆಗೆ ಅವಳು ಒಂದು ಪುಟ ತಾನೇ ಬರೆಯುತ್ತಿದ್ದಳು, ತಪ್ಪುಗಳ ಸಮೇತ. ಉಳಿದ ನಾಲ್ವರು ಸಮಯಪಾಲಕರನ್ನೂ, ಆ ಇಬ್ಬರು ಪ್ರೋತ್ಸಾಹಕರನ್ನೂ ಕರೆದಿದ್ದೆ. ಮೂವರು ಬಂದರು, ಇಬ್ಬರು ಕೋಥರೂಡದ ಟ್ಯೂಶನ್‌ಗೆ ಸೇರಿದ್ದರು, ಒಬ್ಬನ ಮನೆಯವರು ಊರು ಬಿಟ್ಟಿದ್ದರು. ಎಲ್ಲರದೂ ಒಂದೊಂದು ಕತೆ, ಇಲ್ಲಿ ಬೇಡ.

ಸೆಪ್ಟೆಂಬರ್‌ನ ಎರಡನೆಯ ವಾರ ಹೆಡ್ ಸರ್ ಕರೆದರು. ಮೇಜಿನ ಮೇಲೆ ಒಂದು ಪತ್ರ. ವಿದ್ಯಾರ್ಥಿಕೇಂದ್ರಿತ ಬೋಧನೆಯ ತರಬೇತಿಗೆ ನನ್ನನ್ನು ತಜ್ಞೆಯಾಗಿ ಕಳಿಸಬೇಕೆಂದು ಕೇಳಿದ್ದರು. ಹತ್ತು ದಿನ, ದಿನವಿಡೀ. ಅಕ್ಟೋಬರ್ ಪರೀಕ್ಷೆ ಅದರ ಬೆನ್ನಿಗೇ.

“ಶಾಲೀಗಿ ಮಾನ ಬಂದದ ಬಾಯಾರ. ನಿಮ್ಮ ಆ ಎರಡೂವರಿ ನಿಮಿಷ ಎಲ್ಲಾರ ಬಾಯಾಗ ಅದ.”

“ಸರ್, ಆ ಹತ್ತು ದಿವಸ ನನಗ ಆಗೂದಿಲ್ರಿ. ಕಸ್ತೂರಿ ಪರೀಕ್ಷಾ ಅದ.”

“ಒಬ್ಬ ಹುಡುಗಿ ಸಲುವಾಗಿ?”

“ವಿದ್ಯಾರ್ಥಿಕೇಂದ್ರಿತ ಅಂದ್ರ ಅದ ಅಲ್ರಿ, ಸರ್?”

ಹೆಡ್ ಸರ್ ಪತ್ರವನ್ನು ಮಡಿಚಿದರು, ಬಿಡಿಸಿದರು. “ಬಾಯಾರ, ಅದು ತತ್ವ. ಇದು ಹುಡುಗಿ. ಎರಡೂ ಕೂಡಿಸಬ್ಯಾಡ್ರಿ.” ಆಮೇಲೆ ದನಿ ತಗ್ಗಿಸಿ, ನಾನು ಒಪ್ಪದಿದ್ದರೆ ಗೋಪ್ಯ ವರದಿಯಲ್ಲಿ ಏನು ಬರೆಯಬೇಕಾಗುತ್ತದೆ ಎಂಬುದನ್ನೂ ಹೇಳಿದರು. ಗೋಪ್ಯವಾದದ್ದನ್ನು ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಅವರಿಗೆ ನಾನು ಇಂದಿಗೂ ಋಣಿ.

ನಾನು ಹೋಗಲಿಲ್ಲ. ಶಾಲೆಯ ಮಾನ ಉಳಿಯಬೇಕಲ್ಲ, ನನ್ನ ಬದಲು ಹೊಸಮನಿ ಸರ್ ಅವರನ್ನು ಕಳಿಸಿದರು. ಅವರು ನನ್ನ ಟಿಪ್ಪಣಿಗಳನ್ನು ತೆಗೆದುಕೊಂಡು ಹೋಗಿ, ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಓದಿ, ಮರಾಠಿಯಲ್ಲಿ ಅರ್ಥ ಹೇಳಿ, ಶಿಕ್ಷಕರಿಂದ ಎರಡನ್ನೂ ಹೇಳಿಸಿದರು. ತಮ್ಮ ಹಳೆಯ ಹಾಸ್ಯವನ್ನೂ ಒಂದು ಸಾಲಿಗೆ ಅಂಟಿಸಿದರು. ಹತ್ತನೆಯ ದಿನ ಅಭಿಪ್ರಾಯದ ಚೀಟಿಗಳಲ್ಲಿ ಅವರೇ ಅತ್ಯುತ್ತಮ ತರಬೇತುದಾರರೆಂದು ಬಂತು. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಎಂದು ಶಿಕ್ಷಕರು ಬರೆದಿದ್ದರಂತೆ.

ಪರೀಕ್ಷೆ ಮುಗಿಸಿ ಕಸ್ತೂರಿ ನೇರ ಶಾಲೆಗೆ ಬಂದಳು, ಪ್ರಶ್ನಪತ್ರಿಕೆ ಚಾಚಿದಳು. ನಾವು ಸಿದ್ಧಮಾಡಿದ ಯಾವ ಪ್ರಬಂಧವೂ ಇರಲಿಲ್ಲ. ‘ಆಸ್ಪತ್ರೆಗೆ ಭೇಟಿ’ ಎಂದಿತ್ತು.

“ಏನ್ ಬರದಿ?” ಎಂದೆ.

“ದವಾಖಾನಿ ನಾ ಒಳಗಿಂದ ನೋಡೇ ಇಲ್ರಿ. ಖಾನಾವಳ್ಯಾಗ ಮೇಜು ತಗದು ಪಲಂಗ ಹಾಕಿದೆ. ಎರಡು ಸಾಲು. ನಲ್ಲಿ ಬಾಗಲಾ ಎಡಕ್ಕ. ಹಂಚಿದ್ದಲ್ಲೆ ಡಾಕ್ಟರ್ ಕೂಡಿಸಿದೆ.”

“ಹೊಗಿ?”

“ಔಷಧದ ವಾಸನಿ ಅಂತ ಮಾಡಿದೆ. ಕಿಟಕಿಯಿಂದ ಹೊರಗ ಹೋಗ್ತದ.”

ನಕ್ಕೆ, ಅವಳೂ ನಕ್ಕಳು. ಆದರೆ ರಸ್ತೆಯವರೆಗೆ ಬಿಡಲು ಹೋದಾಗ ಅವಳು ಉಳಿದದ್ದನ್ನೂ ಹೇಳಿದಳು. ವ್ಯಾಕರಣದಲ್ಲಿ ಎರಡು ಪ್ರಶ್ನೆ ಬಿಟ್ಟಿದ್ದಳು. ಇಬ್ಬರೂ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆವು, ನನ್ನ ಲೆಕ್ಕ ಒಮ್ಮೆ ಮೂವತ್ತೆರಡಕ್ಕೆ ನಿಲ್ಲುತ್ತಿತ್ತು, ಒಮ್ಮೆ ನಲವತ್ತಕ್ಕೆ.

ಫಲಿತಾಂಶ ಬರುವ ಮುಂಚೆ ನನ್ನ ತಪಾಸಣೆಯಾಯಿತು. ಆ ವರ್ಷದ ಒಂಬತ್ತನೆಯವರಿಗೆ ಬಿಲ್ಲೆಗಳನ್ನು ಇಟ್ಟಿದ್ದೆ, ಆದರೆ ಪ್ರತಿ ಸೋಮವಾರ ನಾನೇ ಬದಲಿಸುತ್ತಿದ್ದೆ. ಗಡಿಯಾರ ನನ್ನ ಮೇಜಿನ ಮೇಲಿರುತ್ತಿತ್ತು. ತಾಸಿನ ಮೊದಲ ಹತ್ತು ನಿಮಿಷ ನಾನು ಮಾತಾಡುತ್ತಿದ್ದೆ, ಬಿಡಿಸಿ, ನಿಧಾನವಾಗಿ. ದಿನಚರಿಯಲ್ಲಿ ನಿಮಿಷದ ಅಂಕಣ ತೆಗೆದು ನಲವತ್ತೈದು ಹೆಸರು ಬರೆದುಕೊಂಡಿದ್ದೆ. ಯಾರು ಒಂದು ಇಡೀ ವಾಕ್ಯ ತಾವಾಗಿ ಹೇಳಿದರೋ ಅವರ ಮುಂದೆ ಒಂದು ಗೆರೆ. ಕೆಲವು ಹೆಸರುಗಳ ಮುಂದೆ ಎರಡು ತಿಂಗಳು ಏನೂ ಇರಲಿಲ್ಲ. ಅದನ್ನು ನೋಡುವುದು ಸುಖದ ಕೆಲಸವಲ್ಲ. ಹೊಸ ಶಿಕ್ಷಕರಿಗೆ ನಾನು ಕೊಡುವ ಒಂದೇ ಸಾಮಗ್ರಿ ಈ ಪಟ್ಟಿ. ಖರ್ಚಿಲ್ಲ, ಪಿನ್ನೂ ಬೇಡ.

ಬಂದಿದ್ದ ಅಧಿಕಾರಿ ಶಿಕ್ಷಕಿಯ ಮಾತು ಹನ್ನೆರಡು ನಿಮಿಷವಾಯಿತೆಂದು ಗಡಿಯಾರ ನೋಡಿ ಬರೆದುಕೊಂಡರು. ಷರಾ: ‘ಹಿಂದಿನ ವರ್ಷಕ್ಕಿಂತ ಕುಸಿದಿದ್ದಾರೆ. ಸುಧಾರಣೆ ಅಗತ್ಯ.’ ಹೆಡ್ ಸರ್ ಅದನ್ನು ನನ್ನ ಮುಂದಿಟ್ಟರು. ಪಡಸಾಲೆಯಲ್ಲಿ ನಿಲ್ಲುವುದನ್ನೂ ಕೆಲವು ದಿನ ಬಿಟ್ಟಿದ್ದರು, ಏಕೆಂದರೆ ನನ್ನ ವರ್ಗದಲ್ಲಿ ಒಮ್ಮೆ ಸದ್ದಿರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ, ಅವರಿಗೆ ಏನು ಬರೆಯಬೇಕೋ ತಿಳಿಯುತ್ತಿರಲಿಲ್ಲ.

ದೀಪಾವಳಿ ರಜೆ ಮುಗಿದು ಶಾಲೆ ಆರಂಭವಾದ ಮೇಲೆ ಒಂದು ಗುರುವಾರ ಅಕ್ಟೋಬರ್ ಪರೀಕ್ಷೆಯ ಅಂಕಪಟ್ಟಿಗಳು ಬಂದವು. ಗುಮಾಸ್ತರು ಕಟ್ಟು ಬಿಚ್ಚುತ್ತಿದ್ದಂತೆ ಈರಣ್ಣನವರು ಬಂದರು, ಹಿಂದೆ ಕಸ್ತೂರಿ. ಮಧ್ಯಾಹ್ನದ ಊಟದ ಗಡಿಬಿಡಿಯ ಹೊತ್ತಿನಲ್ಲಿ ಖಾನಾವಳಿ ಬಿಟ್ಟು ಬಂದಿದ್ದರು ಎಂಬುದು ಅವರ ಹೆಗಲ ಮೇಲಿನ ವಸ್ತ್ರದಿಂದಲೇ ಗೊತ್ತಾಗುತ್ತಿತ್ತು.

ಕಸ್ತೂರಿ ಹಾಳೆಯನ್ನು ಕೈಯಲ್ಲಿ ಹಿಡಿದಳು, ನೋಡಲಿಲ್ಲ, ನನಗೆ ಕೊಟ್ಟಳು. ನಾನು ನೋಡಿದೆ. ನಂತರ ಅವಳ ಕಡೆ ತಿರುಗಿಸಿ ಬೆರಳಿಟ್ಟೆ. ಅವಳ ಮುಖ ಅಳುವುದೋ ನಗುವುದೋ ನಿರ್ಧರಿಸದೆ ಹಾಗೇ ಇತ್ತು.

“ಎಷ್ಟ್ರಿ ಅಕ್ಕೋರ?” ಎಂದರು ಈರಣ್ಣನವರು.

“ಮೂವತ್ತೆಂಟು.”

“ಮೂವತ್ತೆಂಟು?” ಅವರ ಮುಖ ಇಳಿಯಿತು. “ಗಣಿತದಾಗ ಅಷ್ಟು ತಗೊಂಡಾಕಿ. ಇದು ಭಾಳ ಕಡಿಮಿ ಆತಲ್ರಿ.”

“ಅಪ್ಪಾ, ಮೂವತ್ತೈದು ಆದ್ರ ಪಾಸು,” ಎಂದಳು ಕಸ್ತೂರಿ.

ಈರಣ್ಣನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. “ಖರೇನ್ರಿ?”

“ಖರೇ ರೀ. ಮುಂದಿನ ವರ್ಷ ಆಯ್‌ಟಿಆಯ್ ಅರ್ಜಿ ಹಾಕಬಹುದು.”

ಅವರು ಹಾಳೆಯನ್ನು ಇಸಿದುಕೊಂಡು, ತಲೆಕೆಳಗಾಗಿದ್ದುದನ್ನು ಮಗಳು ತಿರುಗಿಸಿಕೊಟ್ಟ ಮೇಲೆ, ಬಹಳ ಹೊತ್ತು ನೋಡಿದರು. ಹೆಗಲ ವಸ್ತ್ರದಿಂದ ಕೈ ಒರೆಸಿಕೊಂಡು ಅದನ್ನು ನಾಲ್ಕು ಮಡಿಕೆ ಮಾಡಲು ಹೋದರು; ಕಸ್ತೂರಿ, “ಮಡಚಬ್ಯಾಡ್ರಿ ಅಪ್ಪಾ!” ಎಂದು ಗದರಿದಳು. ಅವಳು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಆತು ಆತು,” ಎಂದು ಈರಣ್ಣನವರು ಹಾಳೆಯನ್ನು ಅವಳಿಗೇ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಏನೋ ದೊಡ್ಡ ತೊಂದರೆಗೆ ಸಿಕ್ಕವರಂತೆ ತಲೆ ಕೆರೆದುಕೊಂಡರು.

“ಹಂಗಾರ ಹಂಚಿನ ಮುಂದ ಬ್ಯಾರೆಯವ್ರನ್ನ ನೋಡಬೇಕಾತಲ್ರಿ ಅಕ್ಕೋರ. ನಿಮ್ಮ ಗುರ್ತಿನ್ಯಾಗ ರೊಟ್ಟಿ ಬಡಿಯೋವ್ರು ಯಾರರ ಅದಾರೇನ್ರಿ?”